ತೊಗಲು ಹೊದ್ದ ಮರ

ಎಂಟು ತಿಂಗಳ ನಂತರ ನನ್ನ ಮೊದಲ ಒರೆಯಿಂದ ಕತ್ತಿಯನ್ನು ಹಿರಿದಾಗ ಅಲಗಿನ ಒಂದು ಬದಿಯಲ್ಲಿ ಕಂದು ಚುಕ್ಕೆಗಳು ಸಾಲುಗಟ್ಟಿ ಎದ್ದಿದ್ದವು. ಎಣ್ಣೆ ಸವರಿ ಇಟ್ಟಿದ್ದ ಉಕ್ಕು ಅದು. ಬೆರಳಾಡಿಸಿದರೆ ಚುಕ್ಕೆಗಳು ತರಿತರಿಯಾಗಿ ತಾಗಿದವು. ಕೆಲವುಗಳ ಸುತ್ತ ಶಾಯಿ ಚೆಲ್ಲಿದಂತೆ ನೀಲಿ ಬೆರೆತ ಕಪ್ಪು ಕಲೆಯೂ ಇತ್ತು. ಒರೆಯನ್ನು ತಿರುಗಿಸಿ ನೋಡಿದರೆ ಅದರ ಗತಿಯೂ ಅಷ್ಟೇ. ತುದಿಯ ಬಳಿ ಹೊಲಿಗೆಯ ದಾರ ಒಳಗಿನಿಂದ ಕುಯ್ದುಹೋಗಿ, ಚರ್ಮದ ಎರಡು ಅಂಚುಗಳು ಬಾಯಿ ಬಿಟ್ಟಿದ್ದವು.

ಆ ಒರೆಯನ್ನು ನಾನು ಮಾಡಿದ ರೀತಿ ಬಹಳ ಸರಳ. ನಾಲ್ಕು ಮಿಲಿಮೀಟರ್ ದಪ್ಪದ ಚರ್ಮವನ್ನು ಉದ್ದಕ್ಕೆ ಮಡಿಸಿ, ಅಲಗಿನ ಆಕಾರಕ್ಕೆ ಕತ್ತರಿಸಿ, ಒಂದು ಅಂಚಿನುದ್ದಕ್ಕೂ ಹೊಲಿದಿದ್ದೆ. 'ಚರ್ಮದ ಒರೆ' ಎಂಬ ಮಾತು ಕೇಳಿದಾಗ ಮನಸ್ಸಿಗೆ ಬರುವ ಚಿತ್ರವೇ ಅದು. ಸಣ್ಣ ಚಾಕುವಿಗೆ ಅಷ್ಟು ಸಾಕು. ನನ್ನ ಕತ್ತಿಯ ಅಲಗು 79 ಸೆಂಟಿಮೀಟರ್ ಉದ್ದ, ಹಿಡಿಯ ಬಳಿ ಐದು ಸೆಂಟಿಮೀಟರ್ ಅಗಲ. ಅಷ್ಟು ಉದ್ದದ ಬರಿಯ ಚರ್ಮ ಎಷ್ಟೇ ದಪ್ಪವಾಗಿದ್ದರೂ ಬಳುಕುತ್ತದೆ. ಕತ್ತಿಯನ್ನು ಒಳಗೆ ತಳ್ಳುವಾಗ ಒರೆ ಕೂದಲೆಳೆಯಷ್ಟು ಬಾಗಿದರೂ ಮೊನೆ ಒಳಗೋಡೆಯನ್ನು ಗೀರುತ್ತದೆ, ಅಂಚು ಹೊಲಿಗೆಯ ಮೇಲೆ ಕೂರುತ್ತದೆ. ಪ್ರತಿ ಸಲ ಒಂದೊಂದು ಎಳೆ ಕಡಿದು ಕೊನೆಗೆ ಒಂದು ದಿನ ಹೊಲಿಗೆಯೇ ಬಿಟ್ಟುಕೊಳ್ಳುತ್ತದೆ. ಇನ್ನು ತುಕ್ಕು. ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತು. ಮರದ ತೊಗಟೆಯ ಒಗರಿನಲ್ಲಿ ಹದಮಾಡಿದ ಚರ್ಮದಲ್ಲಿ ಟ್ಯಾನಿನ್ ಎಂಬ ಆ ಒಗರಿನ ಸಾರ ತುಂಬಿರುತ್ತದೆ. ತೇವ ಮತ್ತು ಒಗರು ಎರಡೂ ಕೂಡಿ ಕಬ್ಬಿಣಕ್ಕೆ ಅಂಟಿ ಕುಳಿತರೆ ಎಣ್ಣೆಯ ತೆಳುಪದರ ಎಷ್ಟು ದಿನ ತಡೆದೀತು?

ತುಕ್ಕನ್ನು ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ತಲೆಯಲ್ಲಿ ಒಂದೇ ಪ್ರಶ್ನೆ. ಹಿಂದಿನವರ ಕತ್ತಿಗಳು ಮಳೆಯಲ್ಲಿ, ಕುದುರೆಯ ಬೆವರಿನಲ್ಲಿ, ಡೇರೆಯ ನೆಲದಲ್ಲಿ ವರ್ಷಗಟ್ಟಲೆ ಇದ್ದುವಲ್ಲ, ಅವರು ಏನು ಮಾಡುತ್ತಿದ್ದರು?

ಉತ್ತರ ಮಣ್ಣಿನಡಿಯಲ್ಲಿತ್ತು. ಇಂಗ್ಲೆಂಡಿನಲ್ಲಿ 5ರಿಂದ 7ನೇ ಶತಮಾನದ ಸಮಾಧಿಗಳಲ್ಲಿ ಸಿಕ್ಕ ಕತ್ತಿಗಳ ಒರೆಗಳು ಕೊಳೆತುಹೋಗಿವೆ. ಆದರೆ ಅಲಗಿನ ತುಕ್ಕು ಬೆಳೆಯುತ್ತಾ ತನಗೆ ತಾಗಿದ್ದನ್ನೆಲ್ಲ ಒಳಗೆ ಎಳೆದುಕೊಂಡು, ಅವುಗಳ ರೂಪವನ್ನು ಕಲ್ಲಿನಂತೆ ಉಳಿಸಿದೆ. ಆ ತುಕ್ಕಿನ ಪದರದಲ್ಲಿ ಅಲಗಿಗೆ ತಾಗಿ ಕುರಿಯ ತುಪ್ಪಳದ ಎಳೆಗಳು, ಅದರ ಮೇಲೆ ಮರದ ನಾರು, ಅದರ ಮೇಲೆ ಚರ್ಮ ಕಾಣುತ್ತವೆ. ಇಂಗ್ಲೆಂಡಿನ ಯಾರ್ಕ್ ಮತ್ತು ಐರ್ಲೆಂಡಿನ ಡಬ್ಲಿನ್ ನಗರಗಳ ನೀರು ನಿಂತ ಕೆಸರಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಗಾಳಿಯಾಡದ ಆ ಮಣ್ಣಿನಲ್ಲಿ ವೈಕಿಂಗ್ ಎಂಬ ಸ್ಕ್ಯಾಂಡಿನೇವಿಯಾದ ಕಡಲಾಳುಗಳ ಕಾಲದ ಒರೆಗಳ ಚರ್ಮ ಸಾವಿರ ವರ್ಷ ಉಳಿದಿದೆ. ನಾರಿನ ದಾರ ಮಾತ್ರ ಕರಗಿ, ಸೂಜಿ ಹಾಯ್ದ ತೂತುಗಳ ಸಾಲಷ್ಟೇ ಉಳಿದಿರುತ್ತದೆ. ಆ ತೂತುಗಳ ಚಿತ್ರಗಳನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಚಾಕುವಿನ ಒರೆಯಲ್ಲಿ ಹೊಲಿಗೆ ಸಾಮಾನ್ಯವಾಗಿ ಅಂಚಿನಲ್ಲಿ ಬರುತ್ತದೆ. ಕತ್ತಿಯ ಒರೆಯಲ್ಲಿ ಅದು ಹಿಂಬದಿಯ ನಟ್ಟನಡುವೆ, ಬೆನ್ನುಹುರಿಯಂತೆ ಇಳಿಯುತ್ತದೆ. ಅಲಗಿನ ಅಂಚುಗಳು ಇರುವ ಎರಡು ಬದಿಗಳಲ್ಲಿ ದಾರವೇ ಇರುವುದಿಲ್ಲ. ನನ್ನ ಮೊದಲ ಒರೆ ಯಾಕೆ ಸೀಳಿತು ಎನ್ನುವುದು ಅಲ್ಲಿಗೆ ಬಗೆಹರಿಯಿತು.

ಅಂದರೆ ಚರ್ಮದ ಒರೆಯೆಂದು ನಾವು ಕರೆಯುವುದು ನಿಜಕ್ಕೂ ಮರದ ಒರೆ. ಕತ್ತಿಯನ್ನು ಹಿಡಿಯುವುದು ಮರ, ಆ ಮರವನ್ನು ಹಿಡಿಯುವುದು ಚರ್ಮ. ಹಿಂದೂಸ್ಥಾನದ ತಲವಾರಿನ ಒರೆಯೂ ಹೀಗೆಯೇ, ಮರದ ಎರಡು ತೆಳು ಪಟ್ಟಿಗಳ ಮೇಲೆ ಚರ್ಮ ಅಥವಾ ಮಖಮಲ್ಲು. ಜಪಾನಿನವರು ಮ್ಯಾಗ್ನೋಲಿಯಾ ಮರದ ಎರಡು ಹೋಳುಗಳನ್ನು ಅನ್ನದ ಅಂಟಿನಿಂದ ಕೂಡಿಸುತ್ತಿದ್ದರು. ಒಳಗೆ ಕೊಳೆ ಸೇರಿದರೆ ಒರೆಯನ್ನು ಎರಡಾಗಿ ಬಿಚ್ಚಿ ತೊಳೆದು ಮತ್ತೆ ಅಂಟಿಸಬಹುದು. ಇಷ್ಟು ದೂರದೂರದ ಜನ ಒಂದೇ ಉಪಾಯಕ್ಕೆ ಬಂದು ನಿಂತಿದ್ದಾರೆ ಎಂದರೆ ಅದಕ್ಕೆ ಕಾರಣ ಗಟ್ಟಿಯಾದದ್ದೇ ಇರಬೇಕು.

ಎರಡನೆಯ ಒರೆಗೆ ನಾನು ಪಾಪ್ಲರ್ ಮರ ಆರಿಸಿಕೊಂಡೆ. ಓಕ್ ಮರ ಕೈಗೆ ಸಿಗುತ್ತಿತ್ತು, ನೋಡಲೂ ಚೆಂದ, ಆದರೆ ಅದರಲ್ಲಿ ಚರ್ಮದಲ್ಲಿರುವಂಥದೇ ಟ್ಯಾನಿನ್ ಇದೆ. ಬಿಟ್ಟ ಕಾಯಿಲೆಯನ್ನು ಮತ್ತೆ ಕರೆದಂತಾಗುತ್ತಿತ್ತು. ಪಾಪ್ಲರ್ ಮೆದು, ಹಗುರ, ಉಳಿಗೆ ಹಠ ಮಾಡುವುದಿಲ್ಲ. ಆರು ಮಿಲಿಮೀಟರ್ ದಪ್ಪದ ಎರಡು ಹಲಗೆಗಳ ಮೇಲೆ ಅಲಗನ್ನು ಮಲಗಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ಹೆಚ್ಚುವರಿ ಜಾಗ ಬಿಟ್ಟೆ. ಅಲಗಿನ ಅಂಚು ಯಾವುದಕ್ಕೂ ತಾಗಬಾರದು, ಅದು ಹರಿತ ಉಳಿಯುವುದು ಹಾಗೆಯೇ. ಕತ್ತಿಯನ್ನು ಒರೆ ಹಿಡಿಯಬೇಕಾದದ್ದು ಅದರ ಚಪ್ಪಟೆ ಮುಖಗಳಲ್ಲಿ.

ಈ ಮಾತಿಗೆ ಸಾಕ್ಷಿಯಾಗಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ. 19ನೇ ಶತಮಾನದ ಬ್ರಿಟಿಷ್ ಅಶ್ವದಳದ ಸವಾರರು ಉಕ್ಕಿನ ಒರೆ ಕಟ್ಟುತ್ತಿದ್ದರು. ಹಿರಿದಾಗೊಮ್ಮೆ, ಹಾಕಿದಾಗೊಮ್ಮೆ ಉಕ್ಕಿಗೆ ಉಕ್ಕು ಉಜ್ಜಿ ಅಂಚು ಮೊಂಡಾಗುತ್ತಿತ್ತು. ಲೂಯಿ ನೋಲನ್ ಎಂಬ ಅಶ್ವದಳದ ಅಧಿಕಾರಿ 1853ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೈದರಾಬಾದ್ ನಿಜಾಮರ ಸವಾರರ ಕತ್ತಿಗಳ ವಿಷಯ ಬರೆದಿದ್ದಾನೆ. ಅವರ ಕತ್ತಿಯ ಹೊಡೆತ ಭೀಕರವೆಂದು ಕೇಳಿ, ಅದೇನು ವಿಶೇಷದ ಕತ್ತಿಯೋ ಎಂದು ನೋಡಿದರೆ ಅವು ಬ್ರಿಟಿಷ್ ಸೈನ್ಯವೇ ಬಳಸಿ ಬಿಸುಟ ಹಳೆಯ ಅಲಗುಗಳಾಗಿದ್ದವು. ಸವಾರರು ಅವನ್ನು ಚೆನ್ನಾಗಿ ಮಸೆದು, ಮರದ ಒರೆಯಲ್ಲಿಟ್ಟು, ಕಾಳಗದ ಹೊತ್ತಿಗಲ್ಲದೆ ಹೊರಗೆ ತೆಗೆಯುತ್ತಿರಲಿಲ್ಲ. ಅಲಗು ಅದೇ, ಬದಲಾದದ್ದು ಅದು ಮಲಗುವ ಮನೆ.

ಹಲಗೆಯನ್ನು ಒಳಗೆ ತೋಡುವ ಕೆಲಸಕ್ಕೆ ಒಂದು ವಾರ ಬೇಕಾಯಿತು. ಅರ್ಧಚಂದ್ರ ಬಾಯಿಯ ಉಳಿಯಿಂದ ಹಿಡಿಯ ಬಳಿ ಮೂರು ಮಿಲಿಮೀಟರ್ ಆಳ, ಮೊನೆಯತ್ತ ಹೋಗುತ್ತಾ ಎರಡಕ್ಕೂ ಕಡಿಮೆ. ಅಲಗೇ ಹಾಗೆ ತೆಳುವಾಗುತ್ತಾ ಹೋಗುತ್ತದೆ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಅಲಗಿಗೆ ಸೀಮೆಸುಣ್ಣ ಬಳಿದು ಎರಡು ಹೋಳುಗಳ ನಡುವೆ ಒತ್ತುತ್ತಿದ್ದೆ. ಬಿಳಿ ಹತ್ತಿದ ಕಡೆ ಒಂದೇ ಒಂದು ಸಿಪ್ಪೆ ತೆಗೆದು ಮತ್ತೆ ಒತ್ತಿ ನೋಡುತ್ತಿದ್ದೆ. ಇಲ್ಲಿ ಅವಸರ ಮಾಡಬಾರದು. ತೆಗೆದ ಮರ ಮರಳಿ ಬರುವುದಿಲ್ಲ. ಒಳಗೆ ಒಂದು ಮಿಲಿಮೀಟರ್ ದಪ್ಪದ ಉಣ್ಣೆಯ ಬಟ್ಟೆಯನ್ನು ತೆಳುವಾಗಿ ಅಂಟು ಸವರಿ ಕೂರಿಸಿದೆ. ಹಿಂದಿನವರ ತುಪ್ಪಳದಲ್ಲಿ ಕುರಿಯ ಮೈಯ ಜಿಡ್ಡು ತಾನಾಗಿಯೇ ಇರುತ್ತಿತ್ತು. ಪ್ರತಿ ಸಲ ಒಳಹೋಗುವಾಗ ಅಲಗಿಗೆ ಒಂದು ಕೈ ಎಣ್ಣೆ ಸವರಿದಂತೆ. ನನ್ನ ಬಟ್ಟೆ ಗಿರಣಿಯಲ್ಲಿ ತೊಳೆದದ್ದು, ಜಿಡ್ಡೆಲ್ಲ ಹೋಗಿತ್ತು. ಆದ್ದರಿಂದ ಉಣ್ಣೆಯ ಜಿಡ್ಡನ್ನು ಬೇರೆಯಾಗಿ ತಂದು, ಬೆಚ್ಚಗೆ ಮಾಡಿ ಹಚ್ಚಿದೆ.

ಹೋಳುಗಳನ್ನು ಚರ್ಮ ಬೇಯಿಸಿ ತೆಗೆದ ಅಂಟಿನಿಂದ ಕೂಡಿಸಿ, ಹೊರಮೈಯನ್ನು ಕೀಸುಳಿಯಿಂದ ಹೆರೆದು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದೆ. ಮರದ ತಿರುಳು ಬರೀ 140 ಗ್ರಾಂ ತೂಗಿತು. ಒರೆಯನ್ನು ನಡುವಿಗೆ ತೂಗುಹಾಕುವ ಪಟ್ಟಿ ಕಟ್ಟಬೇಕಾದ ಜಾಗಗಳಲ್ಲಿ ಒರೆಯ ಅಡ್ಡಕ್ಕೆ ಸಣ್ಣ ಹುರಿಯ ಸುತ್ತುಗಳನ್ನು ಅಂಟಿಸಿದೆ. ಮೇಲೆ ಚರ್ಮ ಬಂದಾಗ ಅವು ಬಳೆಗಳಂತೆ ಉಬ್ಬಿ ನಿಂತು, ಬಾರು ಕೆಳಗೆ ಜಾರದಂತೆ ತಡೆಯುತ್ತವೆ. ಹಳೆಯ ಒರೆಗಳಲ್ಲಿ ಅಲಂಕಾರದಂತೆ ಕಾಣುವ ಎಷ್ಟೋ ಉಬ್ಬುಗೆರೆಗಳಿಗೆ ಇಂಥ ಒಂದು ಕೆಲಸವೂ ಇರುತ್ತದೆ.

ಇನ್ನು ಚರ್ಮ. ಎರಡು ಮಿಲಿಮೀಟರ್ ದಪ್ಪದ ಕರುವಿನ ಚರ್ಮ, ತೊಗಟೆಯಲ್ಲಿ ಹದವಾದದ್ದು. ಕ್ರೋಮಿಯಂ ಲವಣದಲ್ಲಿ ಹದಮಾಡಿದ ಮೆತ್ತನೆಯ ಚರ್ಮ ಈ ಕೆಲಸಕ್ಕೆ ಆಗುವುದಿಲ್ಲ. ಅದು ಒದ್ದೆಯಾದಾಗ ಕೊಟ್ಟ ಆಕಾರವನ್ನು ಒಣಗಿದ ಮೇಲೆ ನೆನಪಿಟ್ಟುಕೊಳ್ಳುವುದಿಲ್ಲ. ತಿರುಳಿನ ಸುತ್ತಳತೆಯನ್ನು ದಾರದಿಂದ ಅಳೆದು, ಅದಕ್ಕಿಂತ ಐದು ಮಿಲಿಮೀಟರ್ ಕಡಿಮೆ ಅಗಲಕ್ಕೆ ಕತ್ತರಿಸಿದೆ. ಕತ್ತರಿ ಇಡುವಾಗ ಕೈ ಅಳುಕಿತು, ಆದರೆ ಸರಿಯಾದ ಲೆಕ್ಕ ಇದೇ. ಒದ್ದೆ ಚರ್ಮ ಹಿಗ್ಗುತ್ತದೆ, ಒಣಗುತ್ತಾ ಕುಗ್ಗುತ್ತದೆ. ಆ ಕುಗ್ಗುವ ಬಲವೇ ಮರವನ್ನು ಬಿಗಿಯಾಗಿ ಅಪ್ಪಿ ಹಿಡಿಯಬೇಕು.

ತೂತುಗಳನ್ನು ಚರ್ಮ ಒಣಗಿರುವಾಗಲೇ ಹಾಕಿಕೊಂಡೆ. ಇಲ್ಲಿನ ಹೊಲಿಗೆ ಚೀಲದ ಹೊಲಿಗೆಯಂತಲ್ಲ. ಮರದ ಹಿಡಿಯಿರುವ ಬಾಗಿದ ದಬ್ಬಳವನ್ನು ಅಂಚಿನಿಂದ ಮೂರು ಮಿಲಿಮೀಟರ್ ಒಳಗೆ ಮೇಲ್ಮೈಯಲ್ಲಿ ಊರಿ, ಚರ್ಮವನ್ನು ಪೂರ್ತಿ ದಾಟಿಸದೆ, ಕತ್ತರಿಸಿದ ಅಂಚಿನ ದಪ್ಪದ ನಡುವಿನಿಂದ ಹೊರಗೆ ತೆಗೆಯಬೇಕು. ಎದುರಿನ ಅಂಚಿನಲ್ಲೂ ಹಾಗೆಯೇ. ಆಗ ದಾರ ಎಳೆದಾಗ ಎರಡು ಅಂಚುಗಳು ಒಂದರ ಮೇಲೊಂದು ಏರದೆ, ಎದುರುಬದುರಾಗಿ ಹಣೆಗೆ ಹಣೆ ತಾಗಿಸಿದಂತೆ ಕೂಡುತ್ತವೆ. ದಾರದ ಒಂದಿಂಚೂ ಒಳಗಿನ ಮರಕ್ಕೆ ತಾಗುವುದಿಲ್ಲ. ನಾಲ್ಕು ಮಿಲಿಮೀಟರಿಗೊಂದು ತೂತು, ಒಂದೊಂದು ಅಂಚಿಗೆ ಇನ್ನೂರು. ಎರಡು ಮಿಲಿಮೀಟರ್ ದಪ್ಪದ ಅಂಚಿನಲ್ಲಿ ನಡುಮಧ್ಯಕ್ಕೆ ಮೊನೆ ಬರಬೇಕು. ಒಂದು ಸ್ವಲ್ಪ ಮೇಲೆ ಬಂದರೆ ಚರ್ಮ ಹರಿಯುತ್ತದೆ. ಮೊದಲ ಐವತ್ತು ತೂತುಗಳಲ್ಲಿ ಒಂಬತ್ತು ಹರಿದವು. ಆಮೇಲೆ ಬೆರಳಿಗೆ ತಿಳಿಯಿತು. ಅಂಚಿನ ಮೇಲೆ ಎಡಗೈ ಹೆಬ್ಬೆರಳನ್ನು ಇಟ್ಟರೆ, ಮೊನೆ ಹೊರಬರುವ ಮೊದಲೇ ಚರ್ಮ ಎಲ್ಲಿ ಉಬ್ಬುತ್ತಿದೆ ಎಂದು ಗೊತ್ತಾಗುತ್ತದೆ. ಕಣ್ಣಿಗಿಂತ ಆ ಉಬ್ಬನ್ನೇ ನಂಬಿ ಮುಂದೆ ಹೋದೆ.

ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿದೆ. ನೀರು ಬಿಸಿಯಾಗಿರಬಾರದು, ಕುದಿವ ನೀರಿಗೆ ಬಿದ್ದರೆ ಚರ್ಮ ಸುರುಟಿ ಕೊರಡಿನಂತೆ ಗಟ್ಟಿಯಾಗುತ್ತದೆ. ಜೇನುಮೇಣ ಉಜ್ಜಿದ ಲಿನನ್ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಬಾಯಿಯ ಕಡೆಯಿಂದ ಹೊಲಿಯತೊಡಗಿದೆ. ಒಂದೇ ತೂತಿನಲ್ಲಿ ಎರಡೂ ಸೂಜಿಗಳು ಎದುರುಬದುರು ಹಾಯುತ್ತವೆ. ಒಂದು ಎಳೆ ಎಲ್ಲಿಯೋ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಒದ್ದೆ ಚರ್ಮದ ವಾಸನೆ, ತೊಗಟೆ ನೆನೆದ ಆ ಒಗರು ವಾಸನೆ, ಕೋಣೆಯೆಲ್ಲ ತುಂಬಿತ್ತು. ಹತ್ತು ಹೊಲಿಗೆಗೊಮ್ಮೆ ನಿಲ್ಲಿಸಿ, ಅಂಗೈಯಿಂದ ಚರ್ಮವನ್ನು ಮುಂದಿನಿಂದ ಬೆನ್ನಿನ ಕಡೆಗೆ ಒತ್ತಿ ತರುತ್ತಿದ್ದೆ. ಬೆರಳಿನಗಲ ತೆರೆದಿದ್ದ ಅಂಚುಗಳು ದಾರ ಎಳೆದ ಹಾಗೆ ಹತ್ತಿರ ಬಂದು ಕೂಡುವುದನ್ನು ನೋಡುವುದೇ ಒಂದು ಸುಖ. ನಿಲ್ಲಿಸಿದರೆ ಚರ್ಮ ಒಣಗಿಬಿಡುತ್ತದೆಂದು ಒಂದೇ ಪಟ್ಟಿಗೆ ಕೂತು ಆರು ಗಂಟೆಯಲ್ಲಿ ಮುಗಿಸಿದೆ. ಕಿರುಬೆರಳಿನ ಮಡಿಕೆಯಲ್ಲಿ ದಾರ ಕೊಯ್ದ ಗೆರೆ ಹದಿನೈದು ದಿನ ಉಳಿದಿತ್ತು.

ಚರ್ಮ ಇನ್ನೂ ಹಸಿಯಾಗಿರುವಾಗಲೇ ಹುರಿಯ ಬಳೆಗಳ ಅಕ್ಕಪಕ್ಕ ಎಲುಬಿನ ಪಟ್ಟಿಯಿಂದ ಉಜ್ಜಿ ಉಬ್ಬನ್ನು ಎದ್ದು ಕಾಣಿಸಿದೆ. ಮರ ತಿರುಚದಿರಲೆಂದು ಎಣ್ಣೆ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿದ ಕತ್ತಿಯನ್ನು ಒಳಗಿಟ್ಟು ನೆರಳಿನಲ್ಲಿ ತೂಗುಹಾಕಿದೆ. ಮೂರನೆಯ ದಿನ ಮುಟ್ಟಿದರೆ ಮರದಂತೆಯೇ ಟಕ್ಕೆಂದಿತು. ಆದರೆ ಕತ್ತಿ ಹಿರಿಯುವಾಗ ತುದಿಯಲ್ಲಿ ಏನೋ ಕೆರೆದ ಸದ್ದಾಯಿತು. ನಾನು ಯೋಚಿಸದೆ ಬಿಟ್ಟ ಸಂಗತಿಯೊಂದಿತ್ತು. ಚರ್ಮದ ಅಂಟು ನೀರಿಗೆ ಕರಗುತ್ತದೆ. ಒದ್ದೆ ಹೊದಿಕೆಯ ನೀರು ಮರಕ್ಕಿಳಿದು, ತುದಿಯ ಬಳಿ ಅಂಟು ಸಡಿಲಾಗಿ, ಒಂದು ಹೋಳು ಇನ್ನೊಂದರ ಮೇಲೆ ಒಂದು ಮಿಲಿಮೀಟರಿನಷ್ಟು ಜರುಗಿತ್ತು. ಹನ್ನೆರಡು ಸೆಂಟಿಮೀಟರ್ ಹೊಲಿಗೆ ಬಿಚ್ಚಿ, ಮರವನ್ನು ಒಣಗಿಸಿ, ಮತ್ತೆ ಅಂಟಿಸಿ, ಈ ಸಲ ಮೇಲೆ ತೆಳುವಾದ ಲಿನನ್ ಬಟ್ಟೆ ಸುತ್ತಿ ಮೇಣ ಕರಗಿಸಿ ಸವರಿದೆ. ಇದನ್ನು ಇಡೀ ತಿರುಳಿಗೆ ಮೊದಲೇ ಮಾಡಬೇಕಿತ್ತು. ನೀವು ಮಾಡುವುದಾದರೆ ಮರೆಯಬೇಡಿ.

ಬಣ್ಣ ಹಾಕಿದ ದಿನವನ್ನು ನಾನು ಮರೆಯಲಾರೆ. ಗಾಜಿನ ಜಾಡಿಯಲ್ಲಿ ವಿನೆಗರ್ ಹಾಕಿ, ಅದರಲ್ಲಿ ಉಕ್ಕಿನ ಎಳೆಗಳನ್ನು ಮೂರು ವಾರ ಮುಳುಗಿಸಿಟ್ಟಿದ್ದೆ. ಸೋಸಿದಾಗ ಬಂದ ದ್ರವ ತಿಳಿ ಚಹಾದಂತಿತ್ತು, ಕಪ್ಪಿನ ಸುಳಿವೇ ಇಲ್ಲ. ಕುಂಚ ಅದ್ದಿ ತೆಳುಗಂದು ಚರ್ಮದ ಮೇಲೆ ಎಳೆದೆ. ಮೊದಲು ಬರಿಯ ಒದ್ದೆ ಗೆರೆ. ಹತ್ತು ಎಣಿಸುವಷ್ಟರಲ್ಲಿ ಬೂದಿ ಬಣ್ಣ. ಆಮೇಲೆ ಮೋಡ ಕವಿದಂತೆ ಒಳಗಿನಿಂದಲೇ ನೀಲಿಗಪ್ಪು ಏರಿ ಬಂದು, ನಿಮಿಷದಲ್ಲಿ ಕಾಡಿಗೆಯಂಥ ಕಪ್ಪಾಯಿತು. ಅದು ಚರ್ಮದ ಮೇಲೆ ಬಳಿದ ಬಣ್ಣವಲ್ಲ. ಚರ್ಮದೊಳಗಿನ ಟ್ಯಾನಿನ್, ದ್ರವದೊಳಗಿನ ಕಬ್ಬಿಣ ಸೇರಿ ಅಲ್ಲೇ ಹುಟ್ಟಿದ ಕಪ್ಪು. ಹಳೆಯ ಕಾಲದ ಬರೆವ ಶಾಯಿಯೂ ಇದೇ ಕೂಟದ್ದು. ಕುಂಚ ಹಿಡಿದು ನಿಂತವನಿಗೆ ನನ್ನ ಅಲಗಿನ ಮೇಲೆ ತುಕ್ಕಿನ ಸುತ್ತ ಹರಡಿದ್ದ ಆ ಶಾಯಿಯ ಕಲೆ ನೆನಪಾಯಿತು. ಎಂಟು ತಿಂಗಳು ಕತ್ತಲಲ್ಲಿ ನಡೆದದ್ದು ಕಣ್ಣೆದುರಿಗೆ ಒಂದು ನಿಮಿಷದಲ್ಲಿ ನಡೆದಿತ್ತು. ಹುಳಿ ಉಳಿಯದಂತೆ ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿ, ಒಣಗಿಸಿ, ಎಣ್ಣೆ ಮತ್ತು ಮೇಣ ಉಣಿಸಿದೆ.

ಒನಕೆಯ ತುದಿಗೆ ಅಣಸು ಇರುವಂತೆ ಒರೆಯ ತುದಿಗೂ ಒಂದು ಲೋಹದ ಅಣಸು ಬೇಕು. ನೆಲಕ್ಕೆ, ಕಲ್ಲಿಗೆ ಮೊದಲು ತಾಗುವುದು ಅದೇ. ಹಿತ್ತಾಳೆ ತಗಡನ್ನು ಬಗ್ಗಿಸಿ ಬೆಸೆದು ಹಾಕಿದೆ. ಚರ್ಮದ ಜಿಡ್ಡಿಗೆ ಹಿತ್ತಾಳೆ ಹಸಿರು ಕಿಲುಬು ಬಿಡುವುದರಿಂದ ನಡುವೆ ಮೇಣದ ಪದರ ಕೊಟ್ಟಿದ್ದೇನೆ. ಎಲ್ಲ ಸೇರಿ 350 ಗ್ರಾಂ. ನಾಲ್ಕು ಮಿಲಿಮೀಟರ್ ಚರ್ಮದ ಮೊದಲ ಒರೆಗಿಂತ ಹಗುರ.

ಒರೆಯನ್ನು ತಲೆಕೆಳಗು ಮಾಡಿದೆ. ಕತ್ತಿ ಬೀಳಲಿಲ್ಲ. ಮೆಲ್ಲಗೆ ಒಮ್ಮೆ ಕೊಡವಿದೆ, ಎರಡು ಬೆರಳಿನಷ್ಟು ಜಾರಿ ಬಂತು. ಬಿಗಿ ಎಂದರೆ ಇಷ್ಟೇ ಇರಬೇಕು. ಹಿರಿದಾಗ ಸದ್ದೇ ಇಲ್ಲ, ಉಣ್ಣೆಯ ಮೇಲೆ ಉಕ್ಕು ಸರಿದ ಒಂದು ಉಸಿರು ಮಾತ್ರ. ಸಿನಿಮಾ ತೆರೆಯ ಮೇಲೆ ಕೇಳುವ ಆ ಝಣತ್ಕಾರ ಮರದ ಒರೆಯಿಂದ ಬರುವಂಥದ್ದಲ್ಲ.

ಒರೆ ಮುಗಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಧರಿಸುವುದು ಇನ್ನೊಂದೇ ವಿದ್ಯೆ. ಮೊದಲು ಬಾಯಿಯ ಬಳಿ ಒಂದೇ ಕಡೆ ಪಟ್ಟಿ ಕಟ್ಟಿ ನಡುವಿಗೆ ತೂಗುಹಾಕಿದೆ. ನಾಲ್ಕು ಹೆಜ್ಜೆಗೆ ಒರೆ ಗಡಿಯಾರದ ಲೋಲಕದಂತೆ ಓಲಾಡಿ ಮೊಣಕಾಲಿನ ನಡುವೆ ನುಗ್ಗಿತು. 13ನೇ ಶತಮಾನದ ಯುರೋಪಿನವರು ಇದಕ್ಕೆ ಕಂಡುಕೊಂಡ ದಾರಿ ಎರಡು ಕಡೆ ಕಟ್ಟುವುದು. ಜರ್ಮನಿಯ ನೌಂಬುರ್ಗ್ ಕೆಥೆಡ್ರಲಿನಲ್ಲಿ ಆ ಶತಮಾನದ ನಡುಭಾಗದಲ್ಲಿ ಕಡೆದ ದಾನಿಗಳ ಕಲ್ಲಿನ ಮೂರ್ತಿಗಳಿವೆ. ಅವರ ಕತ್ತಿಗಳ ಒರೆ, ಅದಕ್ಕೆ ಹೆಣೆದ ಪಟ್ಟಿ ಎಲ್ಲವನ್ನೂ ಶಿಲ್ಪಿ ಅಷ್ಟು ಗಮನವಿಟ್ಟು ಕಡೆದಿದ್ದಾನೆ. ಪಟ್ಟಿಯ ಒಂದು ತುಂಡು ಒರೆಯ ಬಾಯಿಯ ಬಳಿ ಸುತ್ತಿ ಹೊಟ್ಟೆಯ ಮುಂದಿನಿಂದ ಹೋಗುತ್ತದೆ. ಇನ್ನೊಂದು ತುಂಡು ಸುಮಾರು ಒಂದು ಗೇಣು ಕೆಳಗೆ ಸುತ್ತಿ ಬೆನ್ನಿನ ಕಡೆಯಿಂದ ಹೋಗುತ್ತದೆ. ತುಂಡುಗಳ ತುದಿಯನ್ನು ಸಣ್ಣ ಬಾರುಗಳಾಗಿ ಸೀಳಿ, ಸೀಳುಗಂಡಿಗಳಲ್ಲಿ ಹಾಯಿಸಿ ಹೆಣೆದರೆ ಮೊಳೆ, ರಿವೆಟ್ ಏನೂ ಬೇಡ. ಬಕಲ್ಲಿಗೆ ಬದಲು ಪಟ್ಟಿಯ ಒಂದು ತುದಿಯನ್ನು ಎರಡು ಬಾಲಗಳಾಗಿ ಸೀಳಿ, ಇನ್ನೊಂದು ತುದಿಯ ಎರಡು ಗಂಡಿಗಳಲ್ಲಿ ತೂರಿಸಿ ಗಂಟು ಹಾಕುವ ಪದ್ಧತಿಯೂ ಇತ್ತು. ನಾನು ಹಾಗೆಯೇ ಮಾಡಿದೆ. ಕೆಳಗಿನ ಸುತ್ತು ಹಿಂದಕ್ಕೆ ಎಳೆಯುವುದರಿಂದ ಒರೆ ಓರೆಯಾಗಿ ನಿಲ್ಲುತ್ತದೆ, ಹಿಡಿ ಮುಂದಕ್ಕೆ, ತುದಿ ಹಿಂದಕ್ಕೆ. ನಡೆದರೆ ಕಾಲಿಗೆ ಸಿಗುವುದಿಲ್ಲ.

ಆ ಓರೆಯ ಮಟ್ಟ ಕಂಡುಕೊಳ್ಳಲು ಗಂಡಿಗಳನ್ನು ಮೂರು ಸಲ ಬದಲಾಯಿಸಿದೆ. ಹೆಚ್ಚು ಓರೆಯಾದರೆ ತಿರುಗಿದಾಗ ತುದಿ ತಾಗಿ ಹಿಂದೆ ಇದ್ದದ್ದೆಲ್ಲ ಬೀಳುತ್ತದೆ, ಕಡಿಮೆಯಾದರೆ ಹಿಡಿ ಕೈಗೆ ಸಿಗುವುದಿಲ್ಲ. ಮೆಟ್ಟಿಲು ಹತ್ತುವಾಗ ಅಂಗೈಯಿಂದ ಹಿಡಿಯನ್ನು ಕೆಳಗೆ ಒತ್ತಿದರೆ ತುದಿ ಮೇಲೇಳುತ್ತದೆ. ಈಗ ಅದು ಯೋಚಿಸದೆಯೇ ನಡೆಯುತ್ತದೆ. ಹಿರಿಯುವಾಗ ಎಡಗೈ ಒರೆಯ ಬಾಯಿಯನ್ನು ಚಪ್ಪಟೆ ಮುಖಗಳ ಮೇಲೆ ಹಿಡಿಯಬೇಕು, ಅಂಚಿನ ಬದಿಯಲ್ಲಿ ಬೆರಳು ಸುತ್ತಬಾರದು. ಬಲಗೈಯವರು ಎಡಕ್ಕೆ ಕಟ್ಟುತ್ತಾರೆ ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ರೋಮನ್ ಸೈನ್ಯದ ಸಾಮಾನ್ಯ ಕಾಲಾಳು ತನ್ನ ಗಿಡ್ಡ ಕತ್ತಿಯನ್ನು ಬಲಕ್ಕೇ ಕಟ್ಟುತ್ತಿದ್ದ. ಎಡಗೈಯಲ್ಲಿ ದೊಡ್ಡ ಗುರಾಣಿ ಇರುವವನಿಗೆ ಅದೇ ಸಲೀಸು.

ಮಳೆಗಾಗಿ ಕೊನೆಯಲ್ಲಿ ಒಂದು ಸಣ್ಣ ತುಂಡು ಸೇರಿಸಿದೆ. ಮಧ್ಯಯುಗದ ಎಷ್ಟೋ ಕತ್ತಿಗಳಲ್ಲಿ ಅಡ್ಡಹಿಡಿಗೆ, ಅಂದರೆ ಹಿಡಿ ಮತ್ತು ಅಲಗಿನ ನಡುವಿನ ಅಡ್ಡಪಟ್ಟಿಗೆ, ಚರ್ಮದ ಕಿರುನಾಲಿಗೆಯೊಂದು ಇರುತ್ತಿತ್ತು, ಕತ್ತಿ ಒಳಗಿರುವಾಗ ಅದು ಒರೆಯ ಬಾಯಿಯ ಮೇಲೆ ಮಡಿಕೆಯಾಗಿ ಬಿದ್ದು ನೀರು ಒಳಗೆ ಇಳಿಯದಂತೆ ಮುಚ್ಚುತ್ತದೆ. ಉಳಿದ ಕರುವಿನ ಚರ್ಮದ ಚೂರಿನಲ್ಲಿ ಅರ್ಧ ಗಂಟೆಯ ಕೆಲಸ.

ಇಷ್ಟೆಲ್ಲ ಮಾಡಿಯೂ ಕತ್ತಿಯನ್ನು ನಾನು ಒರೆಯಲ್ಲಿಟ್ಟು ಮಲಗಿಸುವುದಿಲ್ಲ. ಕಟ್ಟಿಕೊಂಡಷ್ಟು ಹೊತ್ತು ಅದರೊಳಗೆ, ಬಿಚ್ಚಿದ ಮೇಲೆ ಒರೆಸಿ, ಎಣ್ಣೆ ಹಚ್ಚಿ, ಬೇರೆ. ವಸ್ತುಸಂಗ್ರಹಾಲಯಗಳಲ್ಲೂ ಅಲಗನ್ನೂ ಚರ್ಮದ ಒರೆಯನ್ನೂ ಬೇರೆಬೇರೆಯಾಗಿ ಇಡುತ್ತಾರೆ. ಒರೆ ಗೋಡೆಯ ಮೊಳೆಯಲ್ಲಿ ಖಾಲಿಯಾಗಿ ತೂಗುತ್ತಿದೆ, ಬಾಯಿ ಕೆಳಗಾಗಿ, ಒಳಗಿನ ಉಣ್ಣೆಗೆ ಗಾಳಿ ಆಡಲೆಂದು. ಬಾಯಿಯ ಬಳಿ ಎಡಗೈ ಹೆಬ್ಬೆರಳು ಕೂರುವ ಜಾಗದಲ್ಲಿ ಕಪ್ಪು ಸವೆದು ಹೊಳಪು ಬಂದಿದೆ. ಬೆನ್ನಿನ ಹೊಲಿಗೆಯ ಇನ್ನೂರು ಎಳೆಗಳಲ್ಲಿ ಒಂದೂ ಅಲುಗಿಲ್ಲ.